ಹೊಳೆ, ಕಟ್ಟೆ, ಓಣಿ: ಬಾಗಲಕೋಟೆಯ ನದೀತೀರದ ವಸತಿ ಮತ್ತು ಅದರ ಸೌಲಭ್ಯಗಳ ಚರಿತ್ರೆ

ಕನ್ನಡದ ‘ಕಟ್ಟೆ’ ಎಂಬ ಪದಕ್ಕೆ ಎರಡು ಮುಖ್ಯ ಅರ್ಥಗಳಿವೆ. ಹರಿಯುವ ನೀರನ್ನು ತಡೆದು ನಿಲ್ಲಿಸುವ ಒಡ್ಡು ಒಂದು. ಮರದ ಬುಡದ ಸುತ್ತ ಕಲ್ಲು-ಮಣ್ಣುಗಳಿಂದ ಕಟ್ಟಿದ, ಜನರು ಕೂಡುವ ಜಗಲಿ ಇನ್ನೊಂದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದು ‘ಕಟ್ಟಿ’ಯಾಗುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂತಹ ಊರಿನ ಹೆಸರು ಕಿವಿಗೆ ಬಿದ್ದೊಡನೆ ಈ ಎರಡೂ ಅರ್ಥಗಳು ನೆನಪಿಗೆ ಬರುವುದು ಸಹಜ. ಹೊಳೆಯಿಂದ ದೂರವಾದ ಈ ಒಣಬೇಸಾಯದ ಸೀಮೆಯಲ್ಲಿ ಜನವಸತಿ ನಿಂತದ್ದು ಕೆರೆ, ಬಾವಿ, ಹೊಂಡಗಳ ಆಧಾರದ ಮೇಲೆ. ನೀರಿನ ಕಟ್ಟೆ ಮತ್ತು ನೆರಳಿನ ಕಟ್ಟೆ, ಇವೆರಡೂ ಇದ್ದರೆ ಅದು ಊರು ಎಂಬ ತಿಳಿವಳಿಕೆ ಈ ಭಾಗದ ಜನಪದರದು.

ಇದೇ ಸೀಮೆಯಿಂದ ಉತ್ತರಕ್ಕೆ ಸರಿದರೆ ನೀರಿನ ಸ್ವರೂಪ ಬದಲಾಗುತ್ತದೆ. ರೋಣ ತಾಲ್ಲೂಕಿನ ಹೊಳೆಆಲೂರು, ಹೊಳೆಮಣ್ಣೂರುಗಳ ಹೆಸರಿನಲ್ಲಿಯೇ ಮಲಪ್ರಭೆಯ ಹೊಳೆ ಸೇರಿಕೊಂಡಿದೆ. ಹೊಳೆಆಲೂರಿನಿಂದ ಬಾದಾಮಿಯ ಮೂಲಕ ಸಾಗುವ ರೈಲುಹಾದಿ ಘಟಪ್ರಭೆಯ ದಂಡೆಯ ಬಾಗಲಕೋಟೆಯನ್ನು ತಲುಪುತ್ತದೆ. ಹೊಳೆದಂಡೆಯ ಬದುಕು ಒಂದು ನಗರದ ಸ್ವರೂಪ ಪಡೆದು, ಪೇಟೆ-ಓಣಿಗಳಾಗಿ ಕವಲೊಡೆದು, ಕೊನೆಗೆ ಅಣೆಕಟ್ಟೊಂದರ ಹಿನ್ನೀರಿಗೆ ತನ್ನ ಭಾಗವನ್ನು ಒಪ್ಪಿಸಿ, ಮತ್ತೆ ಗಿಡಮರಗಳ ಸಾಲಿನ ಹೊಸ ಬಡಾವಣೆಗಳಲ್ಲಿ ನೆಲೆ ನಿಂತ ಕಥೆ ಬಾಗಲಕೋಟೆಯದು. ವಸತಿಯೊಂದರ ಸೌಲಭ್ಯವೆಂದರೆ ಏನು, ಅದನ್ನು ಲೆಕ್ಕ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಈ ನಗರದ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಹೆಸರು ಮತ್ತು ಐತಿಹ್ಯ

ಶಾಸನಗಳಲ್ಲಿ ‘ಬಾಗಡಗೆ ಎಪ್ಪತ್ತು’ ಎಂಬ ಆಡಳಿತ ವಿಭಾಗದ ಉಲ್ಲೇಖ ದೊರೆಯುತ್ತದೆ. ಈ ಬಾಗಡಗೆಯೇ ಇಂದಿನ ಬಾಗಲಕೋಟೆ ಎಂಬುದು ವಿದ್ವಾಂಸರ ಅಭಿಪ್ರಾಯ. ಜನಪದ ಐತಿಹ್ಯಗಳು ಹೆಸರಿನ ಮೂಲವನ್ನು ಬೇರೆ ರೀತಿಯಲ್ಲಿ ವಿವರಿಸುತ್ತವೆ. ಲಂಕೆಯ ರಾವಣನು ಈ ಊರನ್ನು ತನ್ನ ಬಜಂತ್ರಿಗಳಿಗೆ, ಅಂದರೆ ವಾದ್ಯಗಾರರಿಗೆ, ಉಂಬಳಿಯಾಗಿ ಕೊಟ್ಟನೆಂಬುದು ಒಂದು ಐತಿಹ್ಯ. ವಿಜಾಪುರದ ಅರಸನು ತನ್ನ ಮಗಳಿಗೆ ಬಳೆಯ ಖರ್ಚಿಗೆಂದು ಇದನ್ನು ಬಿಟ್ಟುಕೊಟ್ಟಿದ್ದರಿಂದ ‘ಬಾಂಗಡಿಕೋಟೆ’ ಎನಿಸಿತೆಂಬುದು ಇನ್ನೊಂದು.

ಈ ಐತಿಹ್ಯಗಳ ಸತ್ಯಾಸತ್ಯತೆಗಿಂತ ಅವುಗಳ ಆಶಯ ಗಮನಾರ್ಹವಾದುದು. ಎರಡರಲ್ಲಿಯೂ ಊರು ಯಾರಿಗೋ ಕೊಟ್ಟ ಕೊಡುಗೆಯಾಗಿದೆ. ಎರಡರಲ್ಲಿಯೂ ಪಡೆದವರು ಅಧಿಕಾರಸ್ಥರಲ್ಲ. ಒಂದರಲ್ಲಿ ವಾದ್ಯ ನುಡಿಸುವವರು, ಇನ್ನೊಂದರಲ್ಲಿ ಹೆಣ್ಣುಮಗಳು. ಊರು ದುಡಿಯುವವರ ಮತ್ತು ಮನೆ ನಡೆಸುವವರ ಪಾಲು ಎಂಬ ಜನಪದರ ಗ್ರಹಿಕೆ ಇಲ್ಲಿ ವ್ಯಕ್ತವಾಗಿದೆ ಎನ್ನಬಹುದು. ಹೋಳಿಹಬ್ಬದ ಹಲಗೆಯ ನಾದಕ್ಕೆ ಹೆಸರಾದ ಊರಿಗೆ ವಾದ್ಯಗಾರರ ಐತಿಹ್ಯ ಅಂಟಿಕೊಂಡಿರುವುದೂ ಅರ್ಥಪೂರ್ಣವಾಗಿದೆ.

ಪಶ್ಚಿಮಘಟ್ಟದಲ್ಲಿ ಹುಟ್ಟಿ ಗೋಕಾಕದಲ್ಲಿ ಧುಮ್ಮಿಕ್ಕುವ ಘಟಪ್ರಭೆ ಬಾಗಲಕೋಟೆಯನ್ನು ಬಳಸಿ ಮುಂದೆ ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಕೂಡುತ್ತದೆ. ಆದಿಲಶಾಹಿ, ಸವಣೂರು ನವಾಬರು, ಪೇಶ್ವೆ, ಹೈದರಾಲಿ ಮೊದಲಾದವರ ಕೈ ದಾಟಿ ಈ ಪ್ರದೇಶ ೧೮೧೮ರಲ್ಲಿ ಬ್ರಿಟಿಷರ ವಶವಾಯಿತು. ೧೮೮೦ರ ದಶಕದಲ್ಲಿ ಗದಗ-ಹೊಟಗಿ ರೈಲುಮಾರ್ಗ ಬಂದ ಮೇಲೆ ವ್ಯಾಪಾರ ವಿಸ್ತರಿಸಿತು. ೧೯೦೬ರಲ್ಲಿ ಸ್ಥಾಪನೆಯಾದ ಬಸವೇಶ್ವರ ವಿದ್ಯಾವರ್ಧಕ ಸಂಘ ಊರನ್ನು ಶಿಕ್ಷಣ ಕೇಂದ್ರವನ್ನಾಗಿಸಿತು. ಆದರೆ ಊರಿನ ಒಳರಚನೆ ಹಳೆಯ ಕ್ರಮದಲ್ಲಿಯೇ ಉಳಿಯಿತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ವಸತಿಗಳೇ ಜನರ ನಿತ್ಯವ್ಯವಹಾರದ ಘಟಕಗಳಾಗಿದ್ದವು. ‘ನೀವು ಎಲ್ಲಿಯವರು’ ಎಂಬ ಪ್ರಶ್ನೆಗೆ ಊರೊಳಗೆ ಸಿಗುತ್ತಿದ್ದ ಉತ್ತರ ಓಣಿಯ ಹೆಸರೇ ಹೊರತು ಬೇರೆಯಲ್ಲ.

ಓಣಿಯ ಸೌಲಭ್ಯಗಳು

ಇಂದಿನ ನಗರಯೋಜನೆಯ ಪರಿಭಾಷೆಯಲ್ಲಿ ಸೌಲಭ್ಯವೆಂದರೆ ನಲ್ಲಿ, ಚರಂಡಿ, ಬೀದಿದೀಪ, ಉದ್ಯಾನ, ಶಾಲೆ, ದವಾಖಾನೆ, ಮಾರುಕಟ್ಟೆ. ಹಳೆಯ ಹೊಳೆದಂಡೆಯ ಓಣಿಯಲ್ಲಿಯೂ ಇವುಗಳಿಗೆ ಸಂವಾದಿಯಾದ ವ್ಯವಸ್ಥೆಗಳಿದ್ದವು. ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ಹೊಳೆ. ಕುಡಿಯುವ ನೀರು, ಬಟ್ಟೆ ಒಗೆಯುವ ಬಂಡೆ, ಎತ್ತು-ಎಮ್ಮೆ ಮೈತೊಳೆಯುವ ಮಡು, ಹುಡುಗರು ಈಜು ಕಲಿಯುವ ಜಾಗ ಎಲ್ಲವೂ ಹೊಳೆಯಲ್ಲಿಯೇ ಇದ್ದರೂ ಅವೆಲ್ಲ ಒಂದೇ ಕಡೆ ಇರುತ್ತಿರಲಿಲ್ಲ. ಕುಡಿಯುವ ನೀರಿನ ಜಾಗ ಹರಿವಿನ ಮೇಲುಗಡೆ, ದನ ತೊಳೆಯುವ ಮತ್ತು ಬಟ್ಟೆ ಒಗೆಯುವ ಜಾಗ ಕೆಳಗಡೆ ಎಂಬುದು ಹೊಳೆಸಾಲಿನ ಊರುಗಳ ಸಾಮಾನ್ಯ ಕಟ್ಟಳೆ. ಅಂಬಿಗ, ಮಡಿವಾಳ, ಕುಂಬಾರ ಮೊದಲಾದ ಕಾಯಕದವರ ಹೊಟ್ಟೆಪಾಡು ಹೊಳೆಯನ್ನೇ ಅವಲಂಬಿಸಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಮೆಕ್ಕಲುಮಣ್ಣಿನಲ್ಲಿ ಬದನೆ, ಸೌತೆ, ಕಲ್ಲಂಗಡಿ ಬೆಳೆಯುವ ರೂಢಿ ಈ ಸೀಮೆಯ ನದಿಗಳುದ್ದಕ್ಕೂ ಇದ್ದಿತು.

ಎರಡನೆಯದು ಮರ ಮತ್ತು ಕಟ್ಟೆ. ಅರಳಿ, ಬೇವು, ಆಲ, ಬಸರಿ, ಹುಣಸೆ ಇವು ಓಣಿಯ ಗಿಡಗಳು. ಉತ್ತರ ಕರ್ನಾಟಕದಲ್ಲಿ ದೊಡ್ಡ ಮರವನ್ನೂ ‘ಗಿಡ’ವೆಂದೇ ಕರೆಯುವುದು ರೂಢಿ. ಅರಳಿ-ಬೇವುಗಳನ್ನು ಜೊತೆಗೂಡಿಸಿ ಬೆಳೆಸಿ, ಅವುಗಳಿಗೆ ಲಗ್ನ ಮಾಡಿ, ಬುಡಕ್ಕೆ ಕಟ್ಟೆ ಕಟ್ಟಿಸುವುದು ಪುಣ್ಯದ ಕೆಲಸವೆನಿಸಿತ್ತು. ಹಿರಿಯರ ನ್ಯಾಯಪಂಚಾಯಿತಿ, ಹೊತ್ತು ಕಳೆಯುವ ಹರಟೆ, ಹೊರಗಿನಿಂದ ಬಂದವರ ದಣಿವಾರಿಕೆ, ಹುಲಿ-ಕುರಿ ಆಟ, ನಾಗರಪಂಚಮಿಯ ಜೋಕಾಲಿ ಎಲ್ಲವೂ ಈ ನೆರಳಿನಲ್ಲಿಯೇ ನಡೆಯುತ್ತಿದ್ದವು. ಉದ್ಯಾನವೆಂಬ ಪ್ರತ್ಯೇಕ ಸ್ಥಳದ ಅಗತ್ಯ ಓಣಿಗೆ ಬಿದ್ದಿರಲಿಲ್ಲ.

ಮೂರನೆಯದು ಕೂಡುಸ್ಥಳಗಳು. ಗುಡಿ, ಮಸೀದಿ, ಬಸದಿ, ಮಠಗಳ ಜೊತೆಗೆ ಗರಡಿಮನೆ, ಭಜನೆಮನೆ, ಚಾವಡಿಗಳು ಇದರಲ್ಲಿ ಸೇರುತ್ತವೆ. ಮೊಹರಮ್ ಬಂದಾಗ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂ-ಮುಸ್ಲಿಂ ಎಂಬ ಭೇದ ಈ ಭಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕೊನೆಯ ದಿನ ‘ದೇವರು ಹೊಳಿಗೆ ಹೋಗುವುದು’ ಎಂಬ ಮಾತಿನಲ್ಲಿಯೇ ಆ ಆಚರಣೆಗೆ ಹೊಳೆ ಎಷ್ಟು ಅವಶ್ಯವೆಂಬುದು ಸ್ಪಷ್ಟವಾಗುತ್ತದೆ. ಗ್ರಾಮದೇವತೆಯ ಪಲ್ಲಕ್ಕಿ ಗಂಗಾಸ್ಥಳಕ್ಕೆ ಹೋಗುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ದಂಡೆಯ ಜಿಗಟುಮಣ್ಣು ತರುವುದು, ಆಷಾಢದ ಮಂಗಳವಾರಗಳ ಗುಳ್ಳವ್ವನನ್ನು ನೀರಿಗೆ ಬಿಡುವುದು, ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಮಿಂದು ದಂಡೆಯ ಮೇಲೆ ಸಜ್ಜೆರೊಟ್ಟಿಯ ಬುತ್ತಿ ಬಿಚ್ಚುವುದು, ಇವೆಲ್ಲ ವರ್ಷದುದ್ದಕ್ಕೂ ಓಣಿಯನ್ನು ಹೊಳೆಗೆ ಕಟ್ಟಿಹಾಕಿದ್ದ ದಾರಿಗಳು.

ನಾಲ್ಕನೆಯದು ಹಕ್ಕು ಮತ್ತು ಸರದಿ. ಯಾರು ಮೊದಲು ದೀಪ ಹಚ್ಚಬೇಕು, ಯಾವ ಮನೆಯವರು ಎಣ್ಣೆ ಕೊಡಬೇಕು, ಹಲಗೆಯನ್ನು ಯಾರು ಬಾರಿಸಬೇಕು, ಕಟ್ಟೆಗೆ ಸುಣ್ಣ ಯಾರ ಪಾಲು ಎಂಬುದೆಲ್ಲ ಬರೆದಿಡದ ಕರಾರುಗಳಾಗಿದ್ದವು. ಸೌಲಭ್ಯವು ಉಳಿದುಕೊಂಡು ಬಂದದ್ದು ಈ ಕರಾರಿನಿಂದ. ಗಿಡಕ್ಕೆ ನೀರು ಹಾಕುವವರಿಗೆ ಜಾತ್ರೆಯಲ್ಲಿ ಒಂದು ಮರ್ಯಾದೆ, ಮರ್ಯಾದೆ ಪಡೆದವರಿಗೆ ಗಿಡ ನೋಡಿಕೊಳ್ಳುವ ಹೊಣೆ ಎಂಬಂತೆ ಕೊಡು-ಕೊಳ್ಳುವಿಕೆ ನಡೆದಿತ್ತು.

ಹೀಗೆಂದ ಮಾತ್ರಕ್ಕೆ ಹಳೆಯ ಓಣಿ ಎಲ್ಲರಿಗೂ ಸಮನಾದ ನೆಲೆಯಾಗಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. ಹೊಳೆಯ ಮೇಲುಗಡೆ-ಕೆಳಗಡೆಗಳ ಕಟ್ಟಳೆ ಸ್ವಚ್ಛತೆಯ ಜೊತೆಗೆ ಜಾತಿಯ ಶ್ರೇಣಿಯನ್ನೂ ಕಾಯುತ್ತಿತ್ತು. ಕೆಲವರಿಗೆ ಕಟ್ಟೆಯ ಮೇಲೆ ಕೂಡುವ ಹಕ್ಕು, ಕೆಲವರಿಗೆ ಕಟ್ಟೆಯ ಕೆಳಗೆ ನಿಲ್ಲುವ ಹಣೆಬರಹ. ಕೊಡ ಹೊತ್ತು ದಂಡೆಯನ್ನು ಹತ್ತಿ ಇಳಿದವರು ಹೆಣ್ಣುಮಕ್ಕಳೇ. ಮಳೆಗಾಲದ ಪ್ರವಾಹ, ಮಣ್ಣಿನ ಮಾಳಿಗೆಯ ಸೋರಿಕೆ, ರೋಗರುಜಿನಗಳೂ ಹೊಳೆದಂಡೆಯ ಬಾಳಿನ ಭಾಗಗಳೇ ಆಗಿದ್ದವು. ಓಣಿಯನ್ನು ಹೊಗಳುವ ಮುನ್ನ ಈ ಸಂಗತಿಗಳನ್ನು ಮರೆಯಲಾಗದು.

ಮುಳುಗಡೆ

೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಅಣೆಕಟ್ಟೆಯ ಅಡಿಗಲ್ಲನ್ನಿಟ್ಟರು. ಬರದ ನಾಡಿಗೆ ನೀರು ಕೊಡುವ ಕೃಷ್ಣಾ ಮೇಲ್ದಂಡೆ ಯೋಜನೆಯ ಪ್ರಮುಖ ಹಂತವಿದು. ನ್ಯಾಯಮಂಡಳಿ, ಅಂತರರಾಜ್ಯ ವಿವಾದ, ಹಣಕಾಸಿನ ಕೊರತೆಗಳ ನಡುವೆ ಕೆಲಸ ದಶಕಗಳ ಕಾಲ ಸಾಗಿತು. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಗತ್ಯ ಅನುಮತಿಗಳಿಗೊಳಪಟ್ಟು ೫೧೯.೬ ಮೀಟರ್ ಮಟ್ಟಕ್ಕೆ ಸಮ್ಮತಿಸಿತು. ೨೦೦೬ರ ಆಗಸ್ಟ್ ೨೧ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಯೋಜನೆಯನ್ನು ಲೋಕಾರ್ಪಣೆ ಮಾಡಿದರು. ಜಲಾಶಯಕ್ಕೆ ಅಡಿಗಲ್ಲಿಟ್ಟವರದೇ ಹೆಸರು ಬಂದಿತು.

ಘಟಪ್ರಭೆ-ಕೃಷ್ಣೆಯರ ಕೂಡಲ ಅಣೆಕಟ್ಟೆಯ ಮೇಲ್ಭಾಗದಲ್ಲಿರುವುದರಿಂದ ಹಿನ್ನೀರು ಘಟಪ್ರಭೆಯ ಪಾತ್ರವನ್ನೇ ಹಿಡಿದು ಬಾಗಲಕೋಟೆಗೆ ಏರಿತು. ಬಳಿಕ ಪತ್ರಿಕೆಗಳ ಭಾಷೆಯಲ್ಲಿ ಈ ಊರಿನ ಹೆಸರು ‘ಮುಳುಗಡೆ ನಗರಿ’. ಕಟ್ಟು ಎಂಬ ಒಂದೇ ಧಾತುವಿನಿಂದ ಕಟ್ಟೆಯೂ ಅಣೆಕಟ್ಟೂ ಹುಟ್ಟಿವೆ. ಒಂದು ದೊಡ್ಡ ಕಟ್ಟೆಗಾಗಿ ಅನೇಕ ಸಣ್ಣ ಕಟ್ಟೆಗಳು ಬಿಟ್ಟುಕೊಡಬೇಕಾಗಿ ಬಂದದ್ದು ಇಲ್ಲಿಯ ಚರಿತ್ರೆ.

ಮುಳುಗುವ ಊರಿನಲ್ಲಿ ನೀರು ಬರುವ ಮುನ್ನವೇ ಮೋಜಣಿಯವರು ಬರುತ್ತಾರೆ. ಮನೆಯ ಉದ್ದಗಲ, ಗೋಡೆಯ ಬಗೆ, ತೊಲೆ-ಜಂತಿಗಳ ಸಂಖ್ಯೆ, ಹಿತ್ತಲಿನ ಗಿಡಗಳು ಲೆಕ್ಕಕ್ಕೆ ಸಿಗುತ್ತವೆ. ದುಡ್ಡು ಕೈಗೆ ಬಂದ ಮೇಲೆ ತಮ್ಮ ಮನೆಯನ್ನು ತಾವೇ ಕಳಚಿ, ಬಾಗಿಲು ಚೌಕಟ್ಟು, ಕಂಬ, ತೊಲೆಗಳನ್ನು ಬಂಡಿಗೆ ಹೇರಿಕೊಂಡು ಹೊರಟದ್ದು ಕೃಷ್ಣಾ ತೀರದ ಮುಳುಗಡೆ ಊರುಗಳಲ್ಲಿ ಸಾಮಾನ್ಯವಾಗಿ ಕಂಡುಬಂದ ದೃಶ್ಯ. ಆದರೆ ಓಣಿಯ ಕಟ್ಟೆಗೆ ಒಡೆಯರಿಲ್ಲ. ಹೊಳೆಯ ಬಂಡೆಗೆ ಉತಾರವಿಲ್ಲ. ಸರದಿಯ ಹಕ್ಕಿಗೆ ಅಳತೆಯಿಲ್ಲ. ಹೊಲವಿದ್ದವನಿಗೆ ಹೊಲದ ಬೆಲೆ ಸಿಕ್ಕಿತು. ಹೊಳೆಯನ್ನೇ ಹೊಲವಾಗಿಸಿಕೊಂಡಿದ್ದ ಕಾಯಕದವರ ಗಳಿಕೆಯನ್ನು ಇಂತಹ ಲೆಕ್ಕದ ಕಲಮುಗಳೊಳಗೆ ಹಿಡಿಸುವುದು ಕಷ್ಟ. ಬಾಡಿಗೆಯ ಮನೆಯಲ್ಲಿದ್ದವನಿಗೆ ಓಣಿಯಲ್ಲಿ ಗುರುತಿತ್ತು, ದಾಖಲೆಯಲ್ಲಿ ಹೆಸರಿರಲಿಲ್ಲ.

ನವನಗರದ ನೆರಳು

ಸ್ಥಳಾಂತರಕ್ಕಾಗಿ ೧೯೮೩ರ ಅಧಿನಿಯಮದ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಹೆಸರು ಹೊಸ ಪಟ್ಟಣದ ಯೋಜನೆಯೊಂದಿಗೆ ಕೂಡಿಕೊಂಡಿದೆ. ಹಳೆಯ ಊರಿನಿಂದ ದೂರದ ಎತ್ತರದ ನೆಲದಲ್ಲಿ ಎದ್ದ ನವನಗರವು ಸೆಕ್ಟರುಗಳಾಗಿ ವಿಭಜನೆಗೊಂಡಿತು. ೧೯೯೭ರ ಆಗಸ್ಟ್ ೧೫ರಂದು ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದಾಗ ಜಿಲ್ಲಾಡಳಿತದ ಕಚೇರಿಗಳಿಗೂ ನವನಗರವೇ ನೆಲೆಯಾಯಿತು. ೨೦೦೮ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇದೇ ನಗರದಲ್ಲಿ ಸ್ಥಾಪನೆಗೊಂಡಿತು. ಹೀಗೆ ಹಳೆಯ ಬಾಗಲಕೋಟೆ, ಕಾಲೇಜುಗಳ ವಿದ್ಯಾಗಿರಿ, ನವನಗರ ಎಂಬ ಮೂರು ಭಾಗಗಳ ನಗರ ರೂಪುಗೊಂಡಿತು.

ನವನಗರದ ಸೌಲಭ್ಯಗಳನ್ನು ಅಲ್ಲಗಳೆಯುವಂತಿಲ್ಲ. ಅಗಲವಾದ ರಸ್ತೆಗಳು, ಇಕ್ಕೆಲದ ಗಿಡಗಳು, ಮನೆಗೆ ನಲ್ಲಿ, ಸೆಕ್ಟರುಗಳಲ್ಲಿ ಶಾಲೆ, ಅಂಗಡಿಸಾಲು, ಬಯಲುಜಾಗ ಇವು ಇಕ್ಕಟ್ಟಿನ ಓಣಿಯಲ್ಲಿ ಬೆಳೆದವರಿಗೆ ಹೊಸ ಅನುಭವ. ನಲ್ಲಿಯ ನೀರಿಗೆ ಮೇಲುಗಡೆ-ಕೆಳಗಡೆಗಳ ಭೇದವಿಲ್ಲ. ಕೊಡ ಹೊತ್ತು ದಂಡೆ ಹತ್ತುವ ಕಷ್ಟ ತಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೂ ಹೊಸ ಬಡಾವಣೆಯ ವಿಳಾಸ ಅಂಕಿಗಳಲ್ಲಿದೆ. ಹಳಪೇಟೆ, ಜೈನಪೇಟೆ ಎಂಬ ಹೆಸರುಗಳು ಒಂದೊಂದು ಕಾಲವನ್ನು, ಸಮುದಾಯವನ್ನು, ಕಸುಬನ್ನು ಸೂಚಿಸುತ್ತಿದ್ದರೆ ಸೆಕ್ಟರಿನ ಸಂಖ್ಯೆ ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಯನ್ನಷ್ಟೇ ಸೂಚಿಸುತ್ತದೆ.

ಗಿಡಗಳ ವಿಷಯದಲ್ಲಿಯೂ ಇದೇ ವ್ಯತ್ಯಾಸ. ಸಾಲಾಗಿ ನೆಟ್ಟ ಗಿಡ ನೆರಳು ಕೊಡುತ್ತದೆ. ಆದರೆ ಲಗ್ನ ಮಾಡಿಸಿಕೊಂಡ ಗಿಡದ ಹಾಗೆ ಅದಕ್ಕೆ ಬಂಧುಬಳಗವಿರುವುದಿಲ್ಲ. ಇಲಾಖೆ ನೆಟ್ಟದ್ದನ್ನು ಇಲಾಖೆಯೇ ನೋಡಿಕೊಳ್ಳಲಿ ಎಂಬ ಮಾತು ಸಹಜವಾಗಿ ಬರುತ್ತದೆ. ಈ ಕೊರತೆಯನ್ನು ಜನರು ತಮ್ಮದೇ ರೀತಿಯಲ್ಲಿ ತುಂಬಿಕೊಳ್ಳುವುದು ಹೊಸ ಬಡಾವಣೆಗಳೆಲ್ಲದರ ಲಕ್ಷಣ. ಎಲ್ಲೋ ಒಂದು ಬೇವಿನ ಬುಡಕ್ಕೆ ನಾಲ್ಕು ಕಲ್ಲು ಬೀಳುತ್ತವೆ. ಕಲ್ಲಿಗೆ ಕುಂಕುಮ ಏರುತ್ತದೆ. ಮುಂದೊಂದು ದಿನ ಅದು ಕಟ್ಟೆಯಾಗುತ್ತದೆ, ಕಟ್ಟೆಗೊಂದು ಹೆಸರು ಹುಟ್ಟುತ್ತದೆ. ಯೋಜನೆಯ ನಕಾಶೆಯಲ್ಲಿ ಇದು ಅತಿಕ್ರಮಣ. ಜಾನಪದ ಅಧ್ಯಯನಕಾರರ ದೃಷ್ಟಿಯಲ್ಲಿ ಸಂಖ್ಯೆಯು ಊರಾಗಿ ಪರಿವರ್ತನೆಗೊಳ್ಳುವ ಮೊದಲ ಹೆಜ್ಜೆ.

ಹೋಳಿ ಉಳಿಸಿದ ನಕಾಶೆ

ಮುಳುಗಡೆಯಿಂದ ಚದುರಿದ ಓಣಿಗಳು ವರ್ಷಕ್ಕೊಮ್ಮೆ ಮತ್ತೆ ಕೂಡಿಕೊಳ್ಳುವ ಸಂದರ್ಭ ಬಾಗಲಕೋಟೆಯ ಹೋಳಿಹಬ್ಬ. ನಾಡಿನಲ್ಲಿಯೇ ಹೆಸರಾದ ಈ ಹಬ್ಬ ಹಲವು ದಿನಗಳ ಕಾಲ ನಡೆಯುತ್ತದೆ. ತುರಾಯಿ ಹಲಗೆಯ ಮೇಳ, ಸೋಗಿನ ಬಂಡಿಗಳ ಮೆರವಣಿಗೆ, ಬಣ್ಣದ ಬ್ಯಾರಲ್ಲುಗಳನ್ನು ಹೇರಿದ ಬಂಡಿಗಳ ನಡುವಣ ಬಣ್ಣದಾಟ ಇವು ಇದರ ವಿಶೇಷಗಳು. ಎತ್ತಿನ ಬಂಡಿಗಳ ಜಾಗಕ್ಕೆ ಟ್ರ್ಯಾಕ್ಟರುಗಳು ಬಂದಿದ್ದರೂ ಹೆಸರು ಮಾತ್ರ ‘ಬಂಡಿ’ಯೇ.

ಪ್ರಸ್ತುತ ಅಧ್ಯಯನಕ್ಕೆ ಮುಖ್ಯವಾದದ್ದು ಹಬ್ಬದ ಒಳವ್ಯವಸ್ಥೆ. ಕಿಲ್ಲಾ ಓಣಿಯಲ್ಲಿ ಮೊದಲು ಕಾಮದಹನ, ಅನಂತರ ಉಳಿದ ಪೇಟೆಗಳಲ್ಲಿ ಎಂಬುದು ಸಂಪ್ರದಾಯ. ಹಲಗೆ, ಸೋಗು, ಬಣ್ಣಗಳಿಗೂ ಪೇಟೆವಾರು ಸರದಿಯುಂಟು. ಹಬ್ಬದ ಹಕ್ಕು-ಹೊಣೆಗಳನ್ನು ಹೊತ್ತ ಮನೆತನಗಳವರು ಬಾಬುದಾರರು. ಕಾಮನಿಗೆ ಹಚ್ಚುವ ಬೆಂಕಿಯನ್ನು ದಲಿತರ ಕೇರಿಯಿಂದ ತರುವ ರೂಢಿ ಈ ಭಾಗದ ಅನೇಕ ಊರುಗಳಲ್ಲಿದೆ. ವರ್ಷವಿಡೀ ದೂರವಿಟ್ಟವರ ಒಲೆಯ ಕಿಡಿಯಿಲ್ಲದೆ ಊರ ಕಾಮ ಸುಡುವುದಿಲ್ಲ ಎಂಬ ಈ ನಿಯಮ ಓಣಿಯ ಶ್ರೇಣಿಯನ್ನು ಒಂದು ರಾತ್ರಿಯ ಮಟ್ಟಿಗೆ ತಲೆಕೆಳಗು ಮಾಡುತ್ತದೆ.

ನವನಗರಕ್ಕೋ ವಿದ್ಯಾಗಿರಿಗೋ ಹೋಗಿ ನೆಲೆಸಿದ ಮನೆತನದವರು ಹಬ್ಬದ ದಿನಗಳಲ್ಲಿ ತಮ್ಮ ಹಳೆಯ ಪೇಟೆಯ ಸರದಿಗೆ ಬಂದು ನಿಲ್ಲಬೇಕಾಗುತ್ತದೆ. ವಾಸದ ವಿಳಾಸ ಸೆಕ್ಟರಿನದು. ಹಲಗೆಯ ವಿಳಾಸ ಪೇಟೆಯದು. ಹಿನ್ನೀರು ನೆಲವನ್ನು ಆವರಿಸಬಲ್ಲದು, ಸರದಿಯನ್ನು ಆವರಿಸಲಾರದು. ಓಣಿಯ ನಾಲ್ಕು ಬಗೆಯ ಸೌಲಭ್ಯಗಳಲ್ಲಿ ಪರಿಹಾರದ ಲೆಕ್ಕಕ್ಕೆ ಸಿಗದ ನಾಲ್ಕನೆಯದು, ಅಂದರೆ ಹಕ್ಕು ಮತ್ತು ಸರದಿಗಳ ಕರಾರು, ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬಂದಿರುವುದು ಈ ಅಧ್ಯಯನದ ಮುಖ್ಯ ಫಲಿತವಾಗಿದೆ.

ಸಮಾರೋಪ

೨೦೧೦ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಆಲಮಟ್ಟಿಯಲ್ಲಿ ೫೨೪.೨೫೬ ಮೀಟರ್‌ವರೆಗೆ ನೀರು ನಿಲ್ಲಿಸಲು ಅವಕಾಶ ನೀಡಿತು. ಇದರಿಂದ ಹಳೆಯ ಬಾಗಲಕೋಟೆಯಲ್ಲಿ ಉಳಿದುಕೊಂಡ ಓಣಿಗಳ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿತು. ಅತ್ತ ಮಲಪ್ರಭೆಯ ದಂಡೆಯಲ್ಲಿ ೨೦೦೯ರ ಮತ್ತು ೨೦೧೯ರ ಪ್ರವಾಹಗಳು ರೋಣ-ನರಗುಂದ ಭಾಗದ ಹೊಳೆಸಾಲಿನ ಊರುಗಳನ್ನೂ ಬಾಧಿಸಿ ಸ್ಥಳಾಂತರದ ಮಾತನ್ನು ಮನೆಮಾತಾಗಿಸಿದವು. ಹೊಳೆಯ ದಂಡೆಯಿಂದ ಎತ್ತರದ ನೆಲಕ್ಕೆ ಏರುವ ಈ ನಡಿಗೆ ಇನ್ನೂ ಮುಗಿದಿಲ್ಲ.

ಆದುದರಿಂದ ಮುಂದಿನ ಸ್ಥಳಾಂತರಗಳ ಸಂದರ್ಭದಲ್ಲಿ ಮನೆ, ಗೋಡೆ, ತೊಲೆಗಳ ಪಟ್ಟಿಯ ಜೊತೆಗೆ ಓಣಿಯ ಪಟ್ಟಿಯೊಂದು ತಯಾರಾಗುವುದು ಅವಶ್ಯವಾಗಿದೆ. ಯಾವ ಗಿಡದ ಕಟ್ಟೆಯಲ್ಲಿ ಯಾರು ಕೂಡುತ್ತಿದ್ದರು, ಕೂಡಲು ಯಾರಿಗೆ ಅವಕಾಶವಿರಲಿಲ್ಲ, ಹೊಳೆಗೆ ಯಾವ ದಾರಿಯಿಂದ ದೇವರು ಹೋಗುತ್ತಿತ್ತು, ಹೊಳೆಯನ್ನೇ ನಂಬಿದ ಮನೆಗಳು ಯಾವುವು, ಹಬ್ಬದ ಸರದಿ ಯಾರದು ಎಂಬುದನ್ನು ತಿಳಿದವರು ಇರುವಾಗಲೇ ದಾಖಲಿಸಬೇಕು. ಹೊಸ ಬಡಾವಣೆಯ ರಸ್ತೆಗಳಿಗೆ ಹಳೆಯ ಓಣಿಗಳ ಹೆಸರಿಡುವುದು, ಬಯಲುಜಾಗದಲ್ಲಿ ಕಟ್ಟೆಗೆಂದೇ ಸ್ಥಳ ಬಿಡುವುದು, ಗಿಡಗಳ ಹೊಣೆಯನ್ನು ಅಕ್ಕಪಕ್ಕದ ಮನೆಗಳಿಗೆ ಗೌರವದೊಂದಿಗೆ ವಹಿಸುವುದು ಹೆಚ್ಚಿನ ಖರ್ಚಿಲ್ಲದೆ ಆಗಬಹುದಾದ ಕೆಲಸಗಳು. ಆ ಕಟ್ಟೆಯ ಮೇಲೆ ಹಿಂದೆ ಕೆಳಗೆ ನಿಂತವರಿಗೂ ಜಾಗವಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ನೀರಿನ ಕಟ್ಟೆಯೂ ನೆರಳಿನ ಕಟ್ಟೆಯೂ ಕೂಡಿದಾಗ ಊರು ಎಂಬುದು ಲಕ್ಕಲಕಟ್ಟಿಯಂತಹ ಹೆಸರುಗಳು ನೆನಪಿಸುವ ಹಳೆಯ ತಿಳಿವಳಿಕೆ. ಬಾಗಲಕೋಟೆಯ ಜನ ನೀರಿನ ಕಟ್ಟೆಗಾಗಿ ತಮ್ಮ ನೆರಳಿನ ಕಟ್ಟೆಗಳನ್ನು ಬಿಟ್ಟುಕೊಟ್ಟಿದ್ದಾರೆ. ಅದನ್ನು ಹೊಸ ನೆಲದಲ್ಲಿ ಮರಳಿ ಕಟ್ಟಿಕೊಳ್ಳಲು ಅವರಿಗೆ ಆಸರೆಯಾಗುವುದು ಆಡಳಿತದ ಮತ್ತು ವಿದ್ವತ್ತಿನ ಸಮಾನ ಕರ್ತವ್ಯವಾಗಿದೆ.